ಅಜ್ಜಿಯ ಸೂಜಿ, ಕಂಪನಿಯ ಚುಕ್ಕೆ

ಕಾಲಗಳಲ್ಲೆಲ್ಲ ಬಲು ಅವಸರದ ಒಂದು ಕಾಲದಲ್ಲಿ, ಹತ್ತಿಯ ಊರೊಂದರಲ್ಲಿ ಒಬ್ಬ ರಾಜಕುಮಾರಿ ಇದ್ದಳು. ದೂರದೂರದ ಹೆಂಗಸರಿಗೆ ಯಾವ ಅಂಗಿ ಒಪ್ಪುತ್ತದೆ, ಯಾವ ಬಣ್ಣ ಒಲಿಯುತ್ತದೆ ಎಂದು ಕೂತಲ್ಲಿಂದಲೇ ಹೇಳುವುದು ಅವಳ ಕೆಲಸ. ಕತೆಯ ಮಾಂತ್ರಿಕನ ಪ್ರಾಣ ಗಿಳಿಯ ಕೊರಳಲ್ಲಿದ್ದ ಹಾಗೆ ಈ ರಾಜಕುಮಾರಿಯ ಪ್ರಾಣ ಒಂದು ಹಸಿರು ಚುಕ್ಕೆಯಲ್ಲಿತ್ತು. ಒಂದು ದಿನ ಬೆಳಗ್ಗೆ ಅವಳು ತನ್ನ ಅಜ್ಜಿಗೆ, ಸೂಜಿಗೆ ದಾರ ಪೋಣಿಸಿಕೊಡುತ್ತೇನೆಂದು ಮಾತು ಕೊಟ್ಟಳು. ಆ ದಾರ ಸೂಜಿಯ ಕಣ್ಣು ದಾಟುವ ತನಕ ಅವಳಿಗೂ ನೆಮ್ಮದಿಯಿಲ್ಲ, ಈ ಕತೆಗೂ ಇಲ್ಲ.

ರಾಜಕುಮಾರಿಯ ಹೆಸರು ಶೋಭಾರಾಣಿ. ಅರಮನೆ ಎಂದರೆ ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಕೋಣೆಯ ಮನೆ. ಸಿಂಹಾಸನ ಎಂದರೆ ಅಪ್ಪ ಗುರುಪಾದಯ್ಯ ತಮ್ಮ ದಲಾಲಿ ಅಂಗಡಿಯಿಂದ ಹೊತ್ತು ತಂದಿದ್ದ, ಒಂದು ಕಾಲು ಗಿಡ್ಡಾದ ಕುರ್ಚಿ. ಅದರ ಮೇಲೆ ಕೂತವರು ಸುಮ್ಮನಿದ್ದರೂ ತೂಗಾಡುತ್ತಿರಬೇಕು. ಶೋಭಾಳಂತೂ ಸುಮ್ಮನಿರುವ ಜಾತಿಯವಳಲ್ಲ.

ಅವಳು ಆನ್‌ಲೈನ್ ಬಟ್ಟೆ ಕಂಪನಿಯೊಂದರ ಪರ್ಸನಲ್ ಸ್ಟೈಲಿಸ್ಟ್. ಪುಣೆಯಲ್ಲೋ ನಾಗಪುರದಲ್ಲೋ ಇರುವ ಗಿರಾಕಿ ತನ್ನ ಎತ್ತರ, ದಪ್ಪ, ಮನಸ್ಸಿನ ಕೊರಗು ಎಲ್ಲವನ್ನೂ ಬರೆದು ಕಳಿಸುತ್ತಾಳೆ. ಶೋಭಾ ಅವಳಿಗೆ ಒಪ್ಪುವ ಉಡುಪು ಆರಿಸಿ, 'ಡಿಯರ್, ಈ ನೀಲಿ ನಿಮ್ಮ ನಗುವಿಗೆಂದೇ ಹುಟ್ಟಿದೆ' ಎಂದು ನಾಲ್ಕು ಸಾಲು ಸೇರಿಸಿ ಪೆಟ್ಟಿಗೆ ಕಳಿಸಬೇಕು. ಗಿರಾಕಿ ಇಟ್ಟುಕೊಂಡರೆ ನಕ್ಷತ್ರ. ವಾಪಸು ಕಳಿಸಿದರೆ ನಕ್ಷತ್ರಕ್ಕೆ ಕತ್ತರಿ. ಗಂಡನ ಮೇಲಿನ ಸಿಟ್ಟಿಗೆ ವಾಪಸು ಕಳಿಸಿದರೂ ಅಷ್ಟೇ. ಪೆಟ್ಟಿಗೆ ಕಳಿಸಿದ್ದಕ್ಕೆ ಕೂಲಿ ಉಂಟು, ಪೆಟ್ಟಿಗೆಯ ಕೆಲಸ ಬಂದೀತೆಂದು ಇಡೀ ದಿನ ಕಾದು ಕೂತದ್ದಕ್ಕೆ ಏನೂ ಇಲ್ಲ. ಒಮ್ಮೆ ರಜೆ ಕೇಳಿದ್ದಕ್ಕೆ ಕಂಪನಿ, 'ನೀವು ನೌಕರರಲ್ಲ, ನಮ್ಮ ಪಾಲುದಾರರು' ಎಂದು ಬಲು ಪ್ರೀತಿಯಿಂದ ಉತ್ತರಿಸಿತ್ತು.

"ಪಾಲುದಾರ ಅಂದ್ರ ಲಾಭದಾಗೂ ಪಾಲಿರಬೇಕಲ್ಲವ್ವಾ?" ಎಂದು ಅಪ್ಪ ಕೇಳಿದ್ದರು. ಹತ್ತಿ ವ್ಯಾಪಾರದವರಿಗೆ ಇಂಥ ಹಳೆಯ ಕಾಲದ ಯೋಚನೆಗಳೇ.

ಶೋಭಾರಾಣಿ ಎಂಬ ಹೆಸರು ಗಿರಾಕಿಗಳ ನಾಲಿಗೆಗೆ ಭಾರವಾಗುತ್ತದೆಂದು ಕಂಪನಿ ಅವಳಿಗೆ ಸ್ಟೆಲ್ಲಾ ಎಂದು ಹೆಸರಿಟ್ಟಿತ್ತು. ತೊಟ್ಟಿಲಿಲ್ಲ, ಗುಗ್ಗರಿ ಇಲ್ಲ, ಕಿವಿಯಲ್ಲಿ ಕೂಗುವ ಸೋದರತ್ತೆಯೂ ಇಲ್ಲದೆ ಆದ ನಾಮಕರಣ.

ಇನ್ನು ಆ ಚುಕ್ಕೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರಾಗಿ ಕೂತಿರುತ್ತಿತ್ತು. ಮೌಸ್ ಸ್ವಲ್ಪ ಹೊತ್ತು ಅಲುಗದಿದ್ದರೆ ಹಳದಿಯಾಗುವುದು. ಇನ್ನೂ ಸ್ವಲ್ಪ ಹೊತ್ತಾದರೆ ಕೆಂಪು. ಕೆಂಪಾಯಿತೆಂದರೆ ಆ ದಿನದ ಪೆಟ್ಟಿಗೆಗಳೆಲ್ಲ ಇನ್ಯಾರದೋ ಪಾಲು. ಹಾಗಾಗಿ ಶೋಭಾ ಬಲಗೈಯಲ್ಲಿ ಉಣ್ಣುವಾಗ ಎಡಗೈ ಮೌಸಿನ ಮೇಲಿರುತ್ತಿತ್ತು. ಒಮ್ಮೆ ಸ್ನಾನಕ್ಕೆ ಹೋಗುವಾಗ ಅಪ್ಪನನ್ನು ಕೂರಿಸಿ, "ಸುಮ್ಮನ ಅಲ್ಲಾಡಿಸ್ತಿರಪ್ಪಾ" ಎಂದು ಹೇಳಿದ್ದಳು. ಅವರು ಹತ್ತಿಯ ಬೇಲು ತೂಗುವಷ್ಟು ಗಾಂಭೀರ್ಯದಿಂದ ಅಲ್ಲಾಡಿಸಿ, ನಾಗಪುರದ ನಿವೃತ್ತ ಹೆಡ್‌ಮೇಡಂ ಒಬ್ಬರಿಗೆ ಮದುಮಗಳ ಲೆಹೆಂಗಾ ಕಳಿಸಿಬಿಟ್ಟಿದ್ದರು. ಹೆಡ್‌ಮೇಡಂ ಅದನ್ನು ಇಟ್ಟುಕೊಂಡರು, ಅದು ಬೇರೆ ಮಾತು.

ಇವತ್ತು ಮಾತ್ರ ಯಾರನ್ನೂ ಕೂರಿಸುವಂತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಪುಣೆಯ ಮಿಸಸ್ ಖನ್ನಾ ಎಂಬ ದೊಡ್ಡ ಗಿರಾಕಿಗೆ ವಿಡಿಯೋದಲ್ಲಿ ಬಟ್ಟೆ ತೋರಿಸಬೇಕಿತ್ತು. ಅದರಲ್ಲಿ ಒಂದೂ ತಪ್ಪು ಬರದಿದ್ದರೆ ಶೋಭಾ ಕಾಯಂ. ಕಾಯಂ ಆದವರಿಗೆ ತಿಂಗಳ ಸಂಬಳ, ಭಾನುವಾರ ರಜೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಯಂ ಆದವರ ಪರದೆಯ ಮೇಲೆ ಚುಕ್ಕೆ ಇರುವುದಿಲ್ಲವಂತೆ! ಚುಕ್ಕೆಯಿಲ್ಲದ ಪರದೆಯನ್ನು ಶೋಭಾ ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದಳು.

ತೋರಿಸಬೇಕಾದ ಐದು ಕುರ್ತಾಗಳು ಹಿಂದಿನ ದಿನವೇ ಕೊರಿಯರಿನಲ್ಲಿ ಬಂದಿದ್ದವು. ಬೇಸಿಗೆಯ ಉಡುಪು, ಒಂದು ಹಾಲುಬಿಳಿ, ಒಂದು ಕೆನೆ, ಒಂದು ಮೊಸರು, ಉಳಿದವೂ ಅದೇ ಬಳಗ. ತೋರಿಸಿದ ಮೇಲೆ ಸಂಜೆ ಅದೇ ಮಡಿಕೆಯಲ್ಲಿ ವಾಪಸು ಹೋಗಬೇಕು. ಕಲೆಯಾದರೆ ಪಾಲುದಾರರ ತಲೆಗೆ. ನಷ್ಟದಲ್ಲಿ ಪಾಲು ಕೊಡುವುದಕ್ಕೆ ಕಂಪನಿ ಎಂದೂ ಹಿಂದೆಮುಂದೆ ನೋಡಿದ್ದಿಲ್ಲ.

ಬೆಳಗ್ಗೆ ಶೋಭಾ ಚುಕ್ಕೆಯ ಮುಂದೆ ಕಾಲು ಕುಣಿಸುತ್ತ ಕೂತಿದ್ದಾಗ ಅಜ್ಜಿ ವೀರಬಸಮ್ಮ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ದಾರದುಂಡೆ ಹಿಡಿದು ಬಂದಳು.

"ಶೋಭಾ, ಈ ಸೂಜಿಗೊಂದು ದಾರ ಹಾಕ್ಕೊಡವ್ವಾ. ನನಗ ಸೂಜಿ ಕಂಡ್ರ ದಾರ ಕಾಣವೊಲ್ದು, ದಾರ ಕಂಡ್ರ ತೂತು ಕಾಣವೊಲ್ದು. ಏನಿಲ್ಲ, ನಿನ್ನ..."

"ಹಾಕ್ಕೊಡ್ತೀನಜ್ಜಿ, ಖರೇನ ಹಾಕ್ಕೊಡ್ತೀನಿ. ಒಂದು ನಿಮಿಷ. ಜಳಕ ಮಾಡಿ ಬಂದುಬಿಡ್ತೀನಿ, ಚುಕ್ಕಿ ಹಳದಿ ಆಗೋದ್ರೊಳಗ!"

"ಮಾತು ಕೊಟ್ಟೀ ನೋಡು."

"ಕೊಟ್ಟೀನಜ್ಜಿ!"

ಕಾಗೆ ಮುಳುಗಿದ ಹಾಗೆ ಮೂರು ಚೊಂಬು ಸುರಿದುಕೊಂಡು, ಕಂಪನಿ ಹೇಳಿದ್ದ ಹಸಿರು ಕುರ್ತಾ ತೊಟ್ಟು ಅವಳು ಹೊರಗೆ ಬಂದಳು. ಸ್ಟೈಲಿಸ್ಟುಗಳೆಲ್ಲ ವಿಡಿಯೋದಲ್ಲಿ ಅದೇ ಹಸಿರು ತೊಡಬೇಕೆಂಬ ನಿಯಮವಿತ್ತು. ಅಂಥದ್ದು ಶೋಭಾಳ ಬಳಿ ಇದ್ದದ್ದು ಇದೊಂದೇ. ಒಗೆದು ಒಗೆದು ಅದರ ಹಸಿರೂ ಸುಸ್ತಾಗಿತ್ತು.

ಬಂದು ನೋಡಿದರೆ ಮೇಜಿನ ಮೇಲೆ ಕುರ್ತಾಗಳಿಲ್ಲ. ಐದೂ ದೇವರ ಗೂಡಿನ ಮುಂದೆ ಸಾಲಾಗಿ ಮಲಗಿದ್ದವು. ಅಜ್ಜಿ ಉಂಗುರದ ಬೆರಳನ್ನು ಅರಿಶಿಣದ ಬಟ್ಟಲಲ್ಲಿ ಅದ್ದಿ, ಕೊನೆಯದರ ಅಂಚಿಗೆ ಒಂದು ಬೊಟ್ಟಿಟ್ಟು ಕೈ ಮುಗಿಯುತ್ತಿದ್ದಳು.

"ಅಜ್ಜೀ! ಏನು ಮಾಡ್ದಿ ಇದು!"

"ಏನಂದ್ರ? ಹೊಸ ಬಟ್ಟಿ ರಾತ್ರೆಲ್ಲಾ ಹಂಗ ಬಿದ್ದಿದ್ವು. ಅರಿಶಿಣ ಹಚ್ಚದ ಹೊಸ ಬಟ್ಟಿ ಮೈಮ್ಯಾಲ ಹಾಕ್ಕೋಬಾರ್ದು. ಆ ಖನ್ನಮ್ಮನೂ ಯಾರೋ ಹೆತ್ತ ಮಗಳು, ಆಕಿಗೂ ಒಳ್ಳೇದಾಗಲಿ."

"ಹಚ್ಚೋದಾದ್ರ ವಿಭೂತಿನಾದ್ರೂ ಹಚ್ಚಬಾರ್ದಿತ್ತಾ? ಝಾಡಿಸಿಬಿಡ್ತಿದ್ದೆ!"

"ವಿಭೂತಿ ಹಣಿಗೆ, ಅರಿಶಿಣ ಅಂಚಿಗೆ. ಇಷ್ಟೆಲ್ಲಾ ಓದಿದಾಕಿ, ಇಷ್ಟು ಗೊತ್ತಿಲ್ಲಾ ನಿನಗ?"

ಶೋಭಾಳ ಚೀರಾಟಕ್ಕೆ ಪಕ್ಕದ ಮನೆಯ ಗುರುಬಸಮ್ಮ ಹಿತ್ತಲ ಗೋಡೆಯ ಮೇಲೆ ಹುಣ್ಣಿಮೆ ಚಂದ್ರನಂತೆ ಮೂಡಿದಳು. ಓಣಿಯಲ್ಲಿ ಸಾಸಿವೆ ಸಿಡಿದರೂ ಅವಳಿಗೆ ಯಾರ ಮನೆಯದೆಂದು ಗೊತ್ತಾಗುತ್ತಿತ್ತು.

"ಏನಾತವ್ವಾ? ಯಾರು ಬಿದ್ರು?"

"ಯಾರೂ ಬಿದ್ದಿಲ್ಲ ದೊಡ್ಡಮ್ಮಾ. ನನ್ನ ಕೆಲಸ ಬಿತ್ತು."

ಬಿದ್ದ ಕೆಲಸ ನೋಡಲು ಗುರುಬಸಮ್ಮ ಬಾಗಿಲಿಂದಲೇ ಬಂದಳು. ಅವಳ ಹಿಂದೆ ಸೊಸೆ ಮಹಾಲಕ್ಷ್ಮಿ. ಎಮ್ಮಿಗನೂರಿನ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ಅತ್ತೆಯ ಮುಂದೆ ಗುಬ್ಬಿಯಷ್ಟು ಸದ್ದು ಮಾಡುವವಳು. ಮಾತಾಡಿದರೆ ಅರ್ಧ ಕನ್ನಡ, ಅರ್ಧ ತೆಲುಗು. ಮಧ್ಯಾಹ್ನದ ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡು ಯಾವುದೋ ಊರಿನ ಮಕ್ಕಳಿಗೆ ಫೋನಿನಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುತ್ತಾಳೆಂದು ಗುರುಬಸಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮಹಾಲಕ್ಷ್ಮಿ ಕುರ್ತಾ ನೋಡಿ, "ಇಷ್ಟಕ್ಕ ಅಳ್ತಾರಾ ಅಕ್ಕಾ? ಸ್ವಲ್ಪ ಸಬ್ಬು ಪೆಟ್ಟಿ ತಿಕ್ಕಿದ್ರ ಪೋತುಂದಿ" ಎಂದಳು. ಸಬ್ಬು ಎಂದರೆ ಸೋಪು, ಪೋತುಂದಿ ಎಂದರೆ ಹೋಗುತ್ತದೆ. ಶೋಭಾ ಹೂಂ ಅನ್ನುವುದರೊಳಗೆ ಬಚ್ಚಲಿಗೆ ಹೋಗಿ, ಬಟ್ಟೆ ಸೋಪು ಹಚ್ಚಿ, ಐದರ ಅಂಚನ್ನೂ ತಿಕ್ಕಿಯೇಬಿಟ್ಟಳು.

ಅರಿಶಿಣಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಒಗೆದವರಿಗೆಲ್ಲ ಗೊತ್ತು. ನೆನಪಾಗುವುದು ಮಾತ್ರ ಆದ ಮೇಲೆ. ಐದು ಹಳದಿ ಬೊಟ್ಟುಗಳು ಕಣ್ಣೆದುರೇ ರಕ್ತಗೆಂಪಾದವು.

"ಅಯ್ಯೋ ದೇವುಡಾ!" ಎಂದಳು ಮಹಾಲಕ್ಷ್ಮಿ.

ಅಜ್ಜಿಯ ಮುಖ ಮಾತ್ರ ಅರಳಿತು. "ನೋಡಿದೇನ? ನಾನು ಅರಿಶಿಣ ಹಚ್ಚಿದ್ರ ದೇವ್ರು ಕುಂಕುಮಾನೂ ಹಚ್ಯಾನ!"

ಶೋಭಾ ಅಲ್ಲೇ ಕುಸಿದು ಕೂರುವವಳು. ಆದರೆ ಚುಕ್ಕೆ ಹಳದಿಯಾಗಿತ್ತು. ಓಡಿ ಹೋಗಿ ಮೌಸ್ ಅಲ್ಲಾಡಿಸಿ, ಓಡಿ ಬಂದು ಕುಸಿದಳು.

ಗುರುಬಸಮ್ಮ ಸೆರಗು ಬಿಗಿದಳು. "ಅರಿಶಿಣಕ್ಕ ಬಿಸಿಲು ಮದ್ದು. ನೀರಾಗ ಜಾಲಿಸಿ ಮಾಳಿಗಿ ಮ್ಯಾಲ ಹಾಕು. ನಮ್ಮ ಆದವಾನಿ ಬಿಸಿಲು ಮನಷ್ಯಾರ ಬಣ್ಣಾನ ಉಳಿಸಲ್ಲ, ಅರಿಶಿಣ ಯಾವ ಲೆಕ್ಕ?"

ಮಾಳಿಗೆಗೆ ಹೋದರೆ ಚುಕ್ಕೆ ಕಾಯುವವರು ಯಾರು? ಶೋಭಾಳ ಕಣ್ಣು ಮೇಜಿನ ಮೇಲೆ ಆ ಕಡೆ ಈ ಕಡೆ ತಿರುಗುತ್ತಿದ್ದ ಫ್ಯಾನಿನ ಮೇಲೆ ಬಿತ್ತು. ಅಜ್ಜಿಯ ಕೈಯಲ್ಲಿದ್ದ ದಾರದುಂಡೆ ಕಿತ್ತುಕೊಂಡು, ಫ್ಯಾನಿನ ಮುಖಕ್ಕೂ ಮೌಸಿಗೂ ಗಂಟು ಹಾಕಿದಳು. ಫ್ಯಾನು ಬಲಕ್ಕೆ ತಿರುಗಿದರೆ ಮೌಸೂ ಬಲಕ್ಕೆ, ಎಡಕ್ಕೆ ತಿರುಗಿದರೆ ಎಡಕ್ಕೆ. ಚುಕ್ಕೆ ಹುಲ್ಲಿನಂತೆ ಹಸಿರಾಯಿತು.

"ಅದು ನನ್ನ ದಾರ" ಎಂದಳು ಅಜ್ಜಿ, ಬರೀ ಸೂಜಿ ಹಿಡಿದು.

"ಕೊಡ್ತೀನಜ್ಜಿ, ಕೊಡ್ತೀನಿ!"

ಮಾಳಿಗೆಯ ಹಗ್ಗಕ್ಕೆ ಐದೂ ಕುರ್ತಾ ಹಾಕಿ ಶೋಭಾ ಇಳಿದು ಬಂದಳು. ಬಿಸಿಲು ಗುರುಬಸಮ್ಮನ ಮಾತು ಉಳಿಸಿತು. ಕೆಂಪು ಹಳದಿಗೆ ಇಳಿದು, ಹಳದಿ ಮಸುಕಾಗತೊಡಗಿತು. ಆದರೆ ಒದ್ದೆ ಬಟ್ಟೆಯನ್ನು ಜಿನ್ನಿಂಗ್ ಮಿಲ್ಲಿನ ಪಕ್ಕ ಒಣಹಾಕುವುದೆಂದರೆ ಬೆಲ್ಲವನ್ನು ಇರುವೆ ಗೂಡಿನ ಪಕ್ಕ ಇಟ್ಟ ಹಾಗೆ. ಮಿಲ್ಲು ಶುರುವಾಗಿ, ಗೋಡೆಯಾಚೆಯಿಂದ ಹತ್ತಿಯ ಎಳೆಗಳು ಮದುವೆಯ ಅಕ್ಷತೆಯಂತೆ ಹಾರಿ ಬಂದವು. ಅಷ್ಟು ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತಿತು, ಫ್ಯಾನಿನೊಂದಿಗೆ ಮೌಸು ನಿಂತಿತು. ಶೋಭಾ ಚುಕ್ಕೆಯ ಕಡೆಗೆ ಓಡಿದಳು. ಕರೆಂಟು ಬಂದಿತು, ಮಾಳಿಗೆಗೆ ಓಡಿದಳು. ಅಲ್ಲಿ ನೋಡಿದರೆ ಹಗ್ಗದ ಮೇಲೆ ಕುರ್ತಾಗಳಿರಲಿಲ್ಲ. ಉಣ್ಣೆ ಬಂದ ಕುರಿಮರಿಗಳು ನೇತಾಡುತ್ತಿದ್ದವು.

ಅದೂ ನಾಲ್ಕೇ ನಾಲ್ಕು.

ಕೆಳಗೆ ಓಣಿಯಲ್ಲಿ ದಸ್ತಗಿರಿಯ ತಳ್ಳುಗಾಡಿ ನಿಂತಿತ್ತು. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುವ ದಸ್ತಗಿರಿ ತಾನು ಕೂಗುವುದನ್ನು ಎಂದೋ ಬಿಟ್ಟಿದ್ದ, ಗಾಡಿಗೆ ಕಟ್ಟಿದ ಸ್ಪೀಕರು ಅವನ ದನಿಯಲ್ಲೇ ತೆಲುಗಿನಲ್ಲಿ ಕೂಗುತ್ತಿತ್ತು: "ಪಾತ ಬಟ್ಟಲಕು ಕೊತ್ತ ಸ್ಟೀಲು ಸಾಮಾನ್ಲಮ್ಮಾ... ಪಾತ ಚೀರಲು, ಪಾತ ಪ್ಯಾಂಟ್ಲೂ..." ಅದರ ಪಕ್ಕದಲ್ಲಿ ಗುರುಬಸಮ್ಮ ಒಂದು ಚಹಾ ಸೋಸುವ ಜಾಲರಿಯನ್ನು ಬಿಸಿಲಿಗೆ ಹಿಡಿದು ತೂತು ಪರೀಕ್ಷಿಸುತ್ತಿದ್ದಳು.

ಶೋಭಾ ಮೆಟ್ಟಿಲುಗಳನ್ನು ಲೆಕ್ಕಿಸದೆ ಇಳಿದಳು. "ದೊಡ್ಡಮ್ಮಾ! ನನ್ನ ಕುರ್ತಾ!"

"ಇನ್ನೂ ಬೇಕಿತ್ತಾ ಅದು? ಗಾಳಿಗೆ ನಮ್ಮ ಮಾಳಿಗಿಗೆ ಬಿದ್ದಿತ್ತವ್ವಾ. ಕಲಿ ಬ್ಯಾರೆ, ಮ್ಯಾಲ ಹತ್ತಿ ಬ್ಯಾರೆ. ಬಿಸಾಕಿದ್ದೀ ಅಂದ್ಕೊಂಡೆ. ಹಂಗಂತ ನಾನೇನು ನನಗ ತಗೊಂಡೀನಾ? ನಿಮ್ಮಜ್ಜಿಗೆ ಅಂತ ಜಾಲರಿ ಇಸ್ಕೊಂಡೀನಿ ನೋಡು."

"ಚಾಚಾ, ಜಾಲರಿ ವಾಪಸ್ ತಗೋ. ಕುರ್ತಾ ಕೊಡು."

ದಸ್ತಗಿರಿ ಗಡ್ಡ ನೀವಿಕೊಂಡ. "ವ್ಯಾಪಾರ ಮುಗದೈತಿ ಬೇಟಿ. ಉಟ್ಟು, ನೋಡಿ, ಬ್ಯಾಡ ಅಂತ ವಾಪಸ್ ಕೊಡಾಕ ಇದೇನು ಆನ್‌ಲೈನಾ?"

ಆ ಮಾತು ಶೋಭಾಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವಳು ತುದಿಗಾಲಲ್ಲಿ ನಿಂತು, ಗಾಡಿಯ ಮೇಲಿನ ಗಂಟಿಗೆ ಕೈ ಚಾಚಿ, ಹೊರಗೆ ಇಣುಕುತ್ತಿದ್ದ ಕೆನೆಬಣ್ಣದ ತೋಳನ್ನು ಹಿಡಿದು ಎಳೆದಳು. ಗಂಟು ಬಿಡಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಎಲ್ಲೋ ಚರ್ರೆಂದಿತು.

ಕುರ್ತಾ ಕೈಗೆ ಬಂದಿತ್ತು. ಶೋಭಾ ಅದರ ತೋಳು, ಅಂಚು, ಕೊರಳು ಎಲ್ಲವನ್ನೂ ಸವರಿ ನೋಡಿದಳು. ಎಲ್ಲಿಯೂ ಹರಿದಿರಲಿಲ್ಲ.

"ದೇವ್ರು ಅದಾನ!" ಎಂದು ಅದನ್ನು ಎದೆಗವಚಿಕೊಂಡು ಓಡಿದಳು.

"ಹತ್ತಿ ಬೇಲು ಬಿಗಿಯೋ ಪ್ರೆಸ್ಸಿಂಗ್ ಮಿಲ್ಲಿಗೆ ಸೇರಿಸಬೇಕು ಈ ಹುಡುಗೀನ. ಏನು ಜಗ್ಗತಾಳ!" ಎಂದು ದಸ್ತಗಿರಿ ಜಾಲರಿಗೆ ಕೈ ಚಾಚಿದ. ಗುರುಬಸಮ್ಮ ಅದನ್ನು ಕೊಡುವಾಗ ಸ್ವಂತ ಒಡವೆ ಒತ್ತೆಯಿಟ್ಟವಳಂತೆ ಮುಖ ಮಾಡಿದಳು.

ಎಳೆಎಳೆಯಾಗಿ ಹತ್ತಿ ಬಿಡಿಸುವ ಕೆಲಸಕ್ಕೆ ಅಜ್ಜಿ, ಗುರುಬಸಮ್ಮ, ಮಹಾಲಕ್ಷ್ಮಿ ಮೂವರೂ ಕೂತರು. ಹತ್ತಿ ಹಾರೀತೆಂದು ಫ್ಯಾನು ಆರಿಸಿ, ಶೋಭಾ ಒಂದು ಕೈಯಲ್ಲಿ ಇಸ್ತ್ರಿ, ಇನ್ನೊಂದು ಕೈಯಲ್ಲಿ ಮೌಸು ಹಿಡಿದಿದ್ದಳು. ಕಲೆ ಈಗ ಎಳೆಯ ನಿಂಬೆಯ ನೆರಳಿನಷ್ಟೇ ಉಳಿದಿತ್ತು, ಗೊತ್ತಿದ್ದವರಿಗಷ್ಟೇ ಕಾಣುವಂಥದ್ದು. ಮೂರು ಹತ್ತಿರವಾಗುತ್ತಲೇ ಮಹಾಲಕ್ಷ್ಮಿ, "ನನ್ನ ಟ್ಯೂಷನ್ ಟೈಮ್ ಅಕ್ಕಾ" ಎಂದು ಎದ್ದಳು. "ಚಿಂತಿ ಬ್ಯಾಡ, ಎಲ್ಲಾ ಮಂಚಿಗಾ, ಚಲೋ ಆಗ್ತೈತಿ."

"ಆ ದಾರ..." ಎಂದಳು ಅಜ್ಜಿ.

"ಇದೊಂದು ಮುಗೀಲಿ ಅಜ್ಜಿ, ಕೈ ಮುಗೀತೀನಿ!"

ಮೂರಕ್ಕೆ ಕಾಲ್ ಬಂತು. ಸ್ಟೈಲಿಸ್ಟಿನ ಮುಖ ಕಾಣಬಾರದು, ಗಿರಾಕಿಯ ಕಣ್ಣೆಲ್ಲ ಬಟ್ಟೆಯ ಮೇಲಿರಬೇಕು ಎಂಬುದು ಕಂಪನಿಯ ನಿಯಮ. ಹಾಗಾಗಿ ಕ್ಯಾಮೆರಾದಲ್ಲಿ ಶೋಭಾ ಕೊರಳಿನಿಂದ ಕೆಳಗೆ ಮಾತ್ರ. ಅತ್ತ ಮಿಸಸ್ ಖನ್ನಾ ದೊಡ್ಡ ಗಿರಾಕಿ, ಕ್ಯಾಮೆರಾ ಹಾಕುವ ಹಂಗೇ ಇಲ್ಲ. ತಲೆಯಿಲ್ಲದವಳೊಬ್ಬಳು, ಮೈಯೇ ಇಲ್ಲದವಳೊಬ್ಬಳು. ಇಬ್ಬರೂ ಇಂಗ್ಲಿಷಿನಲ್ಲಿ ಒಬ್ಬರ ಆರೋಗ್ಯ ಒಬ್ಬರು ವಿಚಾರಿಸಿಕೊಂಡರು. ಕಾಲ್ ರೆಕಾರ್ಡ್ ಆಗುತ್ತಿದೆ ಎಂದು ಯಂತ್ರದ ದನಿಯೊಂದು ಎಚ್ಚರಿಸಿತು.

ಶೋಭಾ ಹಾಲುಬಿಳಿ ಕುರ್ತಾ ಎತ್ತಿ ಹಿಡಿದಳು. ಅಂಚಿನ ಮೂಲೆ ಹೆಬ್ಬೆರಳಿನ ಕೆಳಗೆ.

ಮಿಸಸ್ ಖನ್ನಾ ಇದ್ದಕ್ಕಿದ್ದಂತೆ ಕೆಮ್ಮಿದಳು. ಆಮೇಲೆ ದನಿಯೇ ಇಲ್ಲ.

"ಇದ್ದೀರಾ ಮ್ಯಾಮ್?"

"ಇ... ಇದ್ದೇನೆ, ಸ್ಟೆಲ್ಲಾ. ಸ್ವಲ್ಪ ಮೇಲೆ ಎತ್ತಿ. ಇನ್ನೂ ಮೇಲೆ." ಮತ್ತೆ ಕೆಮ್ಮು. "ಆ ಮೂಲೆ ಏನೂ ತೋರಿಸಬೇಡಿ. ಅಗತ್ಯವಿಲ್ಲ."

ಮೂಲೆಯ ಮಾತನ್ನು ತಾನು ಎತ್ತಿಯೇ ಇಲ್ಲವಲ್ಲ! ಶೋಭಾಳ ಹೆಬ್ಬೆರಳು ಬೆವರಿತು. ಅಷ್ಟರಲ್ಲಿ ಕಿಟಕಿಯಿಂದ ದಸ್ತಗಿರಿಯ ಸ್ಪೀಕರು ಕೇಳಿಸಿತು: "ಪಾತ ಬಟ್ಟಲಕು ಕೊತ್ತ ಸ್ಟೀಲು ಸಾಮಾನ್ಲಮ್ಮಾ..." ಒಂದು ಉಸಿರಿನ ನಂತರ ಅದೇ ದಸ್ತಗಿರಿ ಲ್ಯಾಪ್‌ಟಾಪಿನ ಒಳಗಿನಿಂದ ಕೂಗಿದ: "ಪಾತ ಬಟ್ಟಲಕು ಕೊತ್ತ ಸ್ಟೀಲು ಸಾಮಾನ್ಲಮ್ಮಾ..."

ಶೋಭಾ ಕಿಟಕಿ ನೋಡಿದಳು, ಲ್ಯಾಪ್‌ಟಾಪ್ ನೋಡಿದಳು. ಪುಣೆಯ ಮಿಸಸ್ ಖನ್ನಾಳ ಓಣಿಗೆ ಇವನು ಯಾವಾಗ ಹೋದ?

ಆಗ ಗೋಡೆಯಾಚೆಯಿಂದ ಗುರುಬಸಮ್ಮನ ದನಿ ಬಂತು: "ಏ ಮಾಲಕ್ಷ್ಮೀ! ಟ್ಯೂಷನ್ ಮುಗೀತಾ ಇಲ್ಲಾ? ಹಾಲು ಉಕ್ಕಾಕ ಹತ್ತೈತಿ!" ಒಂದು ಉಸಿರು ಬಿಟ್ಟು ಲ್ಯಾಪ್‌ಟಾಪಿನೊಳಗೂ ಹಾಲು ಉಕ್ಕಿತು.

ರೆಕಾರ್ಡಿಂಗಿನ ಕೆಂಪು ಗುರುತು ಮಿಣುಕುತ್ತಲೇ ಇತ್ತು.

"ಮ್ಯಾಮ್," ಎಂದಳು ಶೋಭಾ ಬಲು ಮೆಲ್ಲಗೆ, ಇಂಗ್ಲಿಷಿನಲ್ಲಿ, "ಎರಡು ನಿಮಿಷ ಬಿಡುವು ತೆಗೆದುಕೊಳ್ಳೋಣವೇ?"

"ಖಂಡಿತ, ಸ್ಟೆಲ್ಲಾ," ಎಂದಿತು ಪುಣೆ.

ಮರುಗಳಿಗೆಯಲ್ಲಿ ಇಬ್ಬರೂ ಹಿತ್ತಲ ಗೋಡೆಯ ಎರಡು ಕಡೆ ನಿಂತಿದ್ದರು.

"ನೀನೇನ ಖನ್ನಮ್ಮ?"

"ನೀನಾ ಸ್ಟೆಲ್ಲಾ? ಅಕ್ಕಾ, ಅಮ್ಮನಾಣೆ, ನಂಗೊತ್ತಿಲ್ಲ! ಆ ಬಿಳಿ ಕುರ್ತಾ ನೋಡಿದ ತಕ್ಷಣ ನನ್ನ ಗುಂಡಿ ನಿಂತಂಗಾತು." ಎದೆಯನ್ನು ತೆಲುಗಿನಲ್ಲಿ ಗುಂಡೆ ಎನ್ನುತ್ತಾರೆ, ಗಾಬರಿಯಲ್ಲಿ ಮಹಾಲಕ್ಷ್ಮಿಗೆ ಎರಡೂ ಭಾಷೆ ಕಲಸಿಹೋಗುತ್ತಿದ್ದವು. "ನಾನೇ ಸಬ್ಬು ಹಚ್ಚಿದ್ದು ಅಲ್ಲಾ!"

"ಹಂಗಾರ ಟ್ಯೂಷನ್?"

"ಏ ಟ್ಯೂಷನೂ ಲೇದು, ಏನೂ ಇಲ್ಲ. ಈ ಕೆಲಸ ಯಾರಿಗೂ ಹೇಳಬಾರ್ದು ಅಂತ ಸೈನ್ ಮಾಡಿಸ್ಕೊಂಡಾರ. ನಾನು ಪರೀಕ್ಷಿ ಮಾಡೋ ಗಿರಾಕಿ. ಸುಳ್ಳು ಹೆಸರು ಇಟ್ಕೊಂಡು ನಿಮ್ಮಂಥೋರ ತಪ್ಪು ಹುಡುಕಬೇಕು. ತಪ್ಪು ಸಿಕ್ಕರ ಕೂಲಿ. ಸಿಗಲಿಲ್ಲಂದ್ರ ನಾನು ಕಣ್ಣು ಮುಚ್ಕೊಂಡು ಕುಂತಿದ್ದೆ ಅಂತ ಲೆಕ್ಕ. ಹೋದ ಸಲ ಪಾಪ ಅಂತ ಬಿಟ್ಟೆ. ಈ ಸಲಾನೂ ಬಿಟ್ರ ನನ್ನ ಐಡಿ ಬಂದ್ ಮಾಡ್ತಾರಕ್ಕಾ. ನಂಗೂ ಚುಕ್ಕಿ ಐತಿ."

"ನಿಂದೂ ಹಸಿರಾ?"

"ನಂದು ನೀಲಿ."

ಒಂದು ಕ್ಷಣ ಶೋಭಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಪನಿ ಎಲ್ಲಿತ್ತೋ ದೇವರಿಗೇ ಗೊತ್ತು; ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಎರಡು ಬೆಕ್ಕು ಕಟ್ಟಿ, ಒಂದರ ಬಾಲ ಒಂದಕ್ಕೆ ತೋರಿಸಿತ್ತು.

"ಮಾಲಕ್ಷ್ಮಿ, ಒಂದು ತಪ್ಪು ಬಂದ್ರೂ ನನ್ನ ಕಾಯಂ ಹೋಗ್ತೈತವ್ವಾ."

"ಒಂದೂ ಬರೀಲಿಲ್ಲ ಅಂದ್ರ ನನ್ನ ಕೆಲಸ ಹೋಗ್ತೈತಕ್ಕಾ."

ಇಬ್ಬರೂ ಗೋಡೆಗೆ ಒರಗಿ ತಪ್ಪು ಹುಡುಕತೊಡಗಿದರು. ಮದುವೆಗೆ ಹೆಣ್ಣು ನೋಡುವವರೂ ಅಷ್ಟು ಸೂಕ್ಷ್ಮವಾಗಿ ಹುಡುಕಿರಲಾರರು. ಕಲೆ ಎಂದು ಬರೆದರೆ ಐದು ಕುರ್ತಾಗಳ ಬೆಲೆ ಶೋಭಾಳ ತಲೆಗೆ. ಆಯ್ಕೆ ಸರಿಯಿಲ್ಲ ಎಂದರೆ ನಕ್ಷತ್ರ ಹೋಗುತ್ತದೆ. ಇಂಗ್ಲಿಷ್ ಸರಿಯಿಲ್ಲ ಎಂದು ಬರೆಯಲು ಹೊರಟರೆ ಶೋಭಾಳಿಗೇ ಸಿಟ್ಟು ಬಂತು: "ನನ್ನ ಇಂಗ್ಲಿಷಿಗೇನಾಗೈತಿ? ನಿನ್ನ ಖನ್ನಮ್ಮ ಏನು ಲಂಡನ್ನಾಗ ಹುಟ್ಯಾಳಾ?"

ಮಹಾಲಕ್ಷ್ಮಿ ತುಟಿ ಕಚ್ಚಿಕೊಂಡು, "ಅಕ್ಕಾ, ಏನೂ ಅನುಕೋಬ್ಯಾಡ. ನೀನು ಕೈ ಮ್ಯಾಲ ಎತ್ತಿದಾಗ ಒಂದು ಕಾಣಿಸ್ತು. ನಿನ್ನ ಹಸಿರು ಕುರ್ತಾ ಕಂಕುಳಾಗ ಹರದೈತಿ. ಅದು ಬರೀಲಾ?" ಎಂದಳು.

ಶೋಭಾ ಕೈಯೆತ್ತಿ ಬಗ್ಗಿ ನೋಡಿಕೊಂಡಳು. ಹೊಲಿಗೆ ಅಂಗೈಯಷ್ಟು ಬಿಚ್ಚಿತ್ತು. ದಸ್ತಗಿರಿಯ ಗಾಡಿಯ ಬಳಿ ಚರ್ರೆಂದದ್ದು ಏನೆಂದು ಈಗ ಗೊತ್ತಾಯಿತು. ಅವಳ ಮುಖ ಬೆಳಗಿತು.

"ಬರಿ! ಇದು ಬಟ್ಟಿ ತಪ್ಪಲ್ಲ, ಆಯ್ಕಿ ತಪ್ಪಲ್ಲ, ಮಾತಿನ ತಪ್ಪಲ್ಲ. ಕೂಲಿ ಮಾಡೋಳ ಅಂಗಿ ಹರದೈತಿ ಅಂತ ಯಾರಾದ್ರೂ ಕಾಯಂ ತಪ್ಪಿಸ್ತಾರಾ?"

ಇಬ್ಬರೂ ಓಡಿ ಹೋಗಿ ತಮ್ಮ ತಮ್ಮ ಚುಕ್ಕೆಗಳನ್ನು ಉಳಿಸಿಕೊಂಡರು. ಮಿಸಸ್ ಖನ್ನಾ ಉಳಿದ ನಾಲ್ಕು ಕುರ್ತಾಗಳನ್ನೂ ಬಾಯ್ತುಂಬ ಹೊಗಳಿದಳು. ಸ್ಟೆಲ್ಲಾ ಬಾಯ್ತುಂಬ ಧನ್ಯವಾದ ಹೇಳಿದಳು. ಕೊರಿಯರಿನವನು ಬಂದು, ಪೆಟ್ಟಿಗೆ ಬಿಚ್ಚಿ, ಬಟ್ಟೆ ತಿರುವಿ ನೋಡಿ, ಏನೂ ಕಾಣದೆ ಒಯ್ದ. ಶೋಭಾ ಮೊದಲ ಬಾರಿಗೆ ಆ ಗಿಡ್ಡ ಕಾಲಿನ ಕುರ್ಚಿಯಲ್ಲಿ ಅಲುಗಾಡದೆ ಕೂತಳು.

ಹೊತ್ತು ಮುಳುಗುವ ಮುನ್ನ ಕಂಪನಿಯ ಸಂದೇಶ ಬಂತು.

ಅಭಿನಂದನೆಗಳು, ಸ್ಟೆಲ್ಲಾ! ಆಯ್ಕೆಗೆ ಪೂರ್ತಿ ನಕ್ಷತ್ರ. ಮಾತಿಗೆ ಪೂರ್ತಿ ನಕ್ಷತ್ರ. ಈ ತಿಂಗಳ ಅತ್ಯುತ್ತಮ ಸ್ಟೈಲಿಸ್ಟ್ ನೀವೇ.

ಶೋಭಾ ಎದ್ದು ಕುಣಿಯಬೇಕೆನ್ನುವಷ್ಟರಲ್ಲಿ ಸಂದೇಶ ಇನ್ನೂ ಇದೆ ಎಂದು ಕಂಡಿತು. ಒಂದು ಸಣ್ಣ ತೊಡಕು: ಪಾಲುದಾರರ ಸ್ವಂತ ಉಡುಪು ಕಂಕುಳಲ್ಲಿ ಹರಿದಿದೆಯೆಂದು ಗಿರಾಕಿ ದೂರಿದ್ದಾರೆ. ಉಡುಗೆಯ ಕಂಪನಿಗೆ ಇದು ಶೋಭಿಸುವುದಿಲ್ಲ. ಆದ್ದರಿಂದ ನೀವು ನಮ್ಮದೇ ಉಡುಪಿನ ಪೆಟ್ಟಿಗೆಯೊಂದನ್ನು ತರಿಸಿಕೊಂಡು ತಿದ್ದಿಕೊಳ್ಳುವವರೆಗೆ ಕಾಯಂ ಮಾತು ತಡೆಹಿಡಿಯಲಾಗಿದೆ. ಪೆಟ್ಟಿಗೆಯ ಬೆಲೆ ನಿಮ್ಮ ಕೂಲಿಯಲ್ಲಿ ಮುರಿದುಕೊಳ್ಳುತ್ತೇವೆ. ಚಿಂತೆ ಬೇಡ, ನಿಮಗೆಂದು ನಮ್ಮಲ್ಲಿರುವ ಅತಿ ಒಳ್ಳೆಯ ಸ್ಟೈಲಿಸ್ಟನ್ನೇ ಗೊತ್ತುಮಾಡಿದ್ದೇವೆ.

ಟಿಣ್ ಎಂದಿತು. ಹೊಸ ಕೆಲಸ ಬಂದಿತ್ತು.

ಗಿರಾಕಿ: ಶೋಭಾರಾಣಿ, ಆದವಾನಿ. ಗಿರಾಕಿಯ ಕೊರಗು: ತನ್ನ ಉಡುಪಿನ ಕಡೆಗೆ ತನಗೇ ಗಮನವಿಲ್ಲ. ಸ್ಟೈಲಿಸ್ಟ್: ಸ್ಟೆಲ್ಲಾ. ಎಚ್ಚರ, ಗಿರಾಕಿ ಪೆಟ್ಟಿಗೆ ವಾಪಸು ಕಳಿಸಿದರೆ ನಿಮ್ಮ ನಕ್ಷತ್ರಕ್ಕೆ ಕತ್ತರಿ.

ಅದೇ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಮಹಾಲಕ್ಷ್ಮಿಯ ಮುಖ ಮೂಡಿತು; ಅತ್ತೆಯ ಜಾಗದಲ್ಲಿ ಈಗ ಸೊಸೆ. "ಅಕ್ಕಾ! ನನ್ನ ಐಡಿ ಉಳೀತು! ಇನ್ನೊಂದು ಕೆಲಸಾನೂ ಕೊಟ್ರು. ಯಾರೋ ನಮ್ಮ ಆದವಾನಿ ಗಿರಾಕಿಯಂತ. ಪೆಟ್ಟಿಗಿ ಆರಿಸಿದಾಕಿ ಏನು ತಪ್ಪು ಮಾಡ್ತಾಳ ಅಂತ ನೋಡಬೇಕಂತ!"

ಶೋಭಾ ಪರದೆಯ ಕಡೆಗೆ ತಿರುಗಿ ಬೆರಳಾಡಿಸಿದಳು. 'ಡಿಯರ್ ಶೋಭಾರಾಣಿ,' ಎಂದು ಬರೆದಳು. ಮುಂದೆ ಏನು ಬರೆಯಬೇಕೆಂದು ತೋಚಲಿಲ್ಲ. ಸಾವಿರ ಜನಕ್ಕೆ ಬಣ್ಣ ಹೇಳಿದವಳಿಗೆ ಈ ಗಿರಾಕಿಗೆ ಯಾವ ಬಣ್ಣ ಇಷ್ಟವೆಂಬುದೇ ಗೊತ್ತಿರಲಿಲ್ಲ.

ಪಕ್ಕದಲ್ಲಿ ಬಳೆಯ ಸದ್ದಾಯಿತು. ಅಜ್ಜಿ ನಿಂತಿದ್ದಳು, ಬೆಳಗ್ಗೆ ಹಿಡಿದ ಸೂಜಿಯನ್ನು ಹಾಗೆಯೇ ಹಿಡಿದು.

"ಈಗರ ಬಿಡುವಾತೇನವ್ವಾ?"

"ಅಷ್ಟು ಅವಸರ ಏನು ಹೊಲಿಯೋದೈತಿ ಅಜ್ಜಿ ನಿನಗ?"

"ನನಗೇನೈತಿ? ನಿನ್ನೆ ಒಗದು ಒಣಹಾಕುವಾಗ ನೋಡಿದ್ದೆ. ನಿನ್ನ ಹಸಿರು ಕುರ್ತಾ ಕಂಕುಳಾಗ ಹೊಲಿಗಿ ಬಿಚ್ಚಾಕ ಹತ್ತಿತ್ತು. ಮೊಮ್ಮಗಳು ಖನ್ನಮ್ಮನ ಮುಂದ ಕೈ ಎತ್ತಿದ್ರ ಕಂಡೀತು, ನಾಕು ಹೊಲಿಗಿ ಹಾಕ್ಕೊಟ್ರಾತು ಅಂತ ಬೆಳಿಗ್ಗಿನಿಂದ ಕೇಳಾಕ ಹತ್ತೀನಿ. ನೀನೆಲ್ಲಿ ಮಾತು ಮುಗಿಸಾಕ ಬಿಡ್ತಿ?"

ಶೋಭಾ ಅಜ್ಜಿಯ ಮುಖ ನೋಡಿದಳು, ಸೂಜಿ ನೋಡಿದಳು. ಎದ್ದು ಹೋಗಿ ಫ್ಯಾನಿಗೆ ಕಟ್ಟಿದ್ದ ದಾರ ಬಿಚ್ಚಿದಳು. ಮೌಸು ಮೇಜಿನ ಮೇಲೆ ಬಿದ್ದು ಸುಮ್ಮನಾಯಿತು. ಅವಳು ದಾರದ ತುದಿಯನ್ನು ಹಲ್ಲಿನಿಂದ ಕತ್ತರಿಸಿ, ತುಟಿಯಲ್ಲಿ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಸೂಜಿ ಹಿಡಿದಳು. ಮೊದಲ ಸಲ ತಪ್ಪಿತು. ಪರದೆಯ ಮೂಲೆಯ ಚುಕ್ಕೆ ಅರಿಶಿಣವಾಯಿತು. ಎರಡನೆಯ ಸಲವೂ ತಪ್ಪಿತು. ಚುಕ್ಕೆ ಕುಂಕುಮವಾಯಿತು.

ಮೂರನೆಯ ಸಲ ದಾರ ಸೂಜಿಯ ಕಣ್ಣು ದಾಟಿತು.